ದೋಣಿ ನೋಡಲು ಭದ್ರಾವತಿಗೆ

ಸಮುದ್ರಕ್ಕೆ ಇಳಿಸುವ ದೋಣಿ ನೋಡಬೇಕೆಂದರೆ ಲೋಕದ ಜನ ಮಲ್ಪೆಗೆ ಹೋಗುತ್ತಾರೆ, ಕಾರವಾರಕ್ಕೆ ಹೋಗುತ್ತಾರೆ. ನಾವು ಭದ್ರಾವತಿಗೆ ಹೊರಟೆವು. ಎರಡು ಸಾವಿರದ ಎರಡನೇ ಇಸವಿ, ಫೆಬ್ರವರಿಯ ಒಂದು ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಶಿವಮೊಗ್ಗದ ವಿದ್ಯಾನಗರದ ಬಸ್ ಸ್ಟಾಪಿನಲ್ಲಿ ನಾನು, ನನ್ನ ಗಂಡ ಶ್ರೀಕಂಠಯ್ಯ, ಮತ್ತು ಇವರ ಹೆಗಲ ಚೀಲ. ಚೀಲದೊಳಗೆ ಅಳತೆ ಟೇಪು, ಟಾರ್ಚು, ಭೂತಗನ್ನಡಿ, ನಲವತ್ತೆರಡು ಪ್ರಶ್ನೆಗಳನ್ನು ಬರೆದುಕೊಂಡ ನೋಟುಬುಕ್ಕು. ಹತ್ತನೇ ಕ್ಲಾಸಿನ ಉತ್ತರ ಪತ್ರಿಕೆ ತಿದ್ದಬೇಕಿದ್ದ ದಿನ ನಾನು ದೋಣಿ ನೋಡಲು ಹೊರಟಿದ್ದೆ. ನನ್ನ ಹಣೆಬರಹ.

ಇವರು ಟೆಲಿಫೋನ್ ಇಲಾಖೆಯಲ್ಲಿದ್ದವರು. ಕಾರವಾರದಲ್ಲಿ ಎಂಟು ವರ್ಷ ಕೆಲಸ ಮಾಡುವಾಗ ಭಾನುವಾರ ಭಾನುವಾರ ಮೀನುಗಾರರ ಜೊತೆ ಹೋಗಿ ಹಾಯಿ ಕಟ್ಟುವುದನ್ನು ಕಲಿತರು. ನಾನು ಮಕ್ಕಳ ಶಾಲೆ, ನನ್ನ ಶಾಲೆ ಎಂದು ಶಿವಮೊಗ್ಗದಲ್ಲೇ ಇದ್ದೆ. ರಿಟೈರಾದ ಮೇಲೆ ಮನುಷ್ಯರು ಸತ್ಯನಾರಾಯಣ ಪೂಜೆ ಮಾಡಿಸುತ್ತಾರೆ, ಮೊಮ್ಮಕ್ಕಳನ್ನು ಆಡಿಸುತ್ತಾರೆ. ಇವರು ಹಳೆ ಪುಸ್ತಕದ ಅಂಗಡಿಯಿಂದ ಹೊರದೇಶದ ದೋಣಿ ಪತ್ರಿಕೆಗಳನ್ನು ಕಟ್ಟುಗಟ್ಟಲೆ ತಂದು ಮನೆ ತುಂಬಿಸಿದರು. ಮಲ್ಪೆಯಿಂದ ಲಕ್ಷದ್ವೀಪ, ಅಲ್ಲಿಂದ ಕೊಚ್ಚಿ, ಇಬ್ಬರೇ, ಸ್ವಂತ ದೋಣಿಯಲ್ಲಿ ಹೋಗಬೇಕೆಂಬುದು ಇವರ ಆಸೆ. ಯಾಕೆ ಎಂದು ಕೇಳಿದ್ದಕ್ಕೆ ಒಂದು ದಿನ ಊಟದ ತಟ್ಟೆ ನೋಡುತ್ತಾ ಹೇಳಿದರು: "ಒಂದ್ಸಲ ನೆಲ ಕಾಣದಿರೋ ಜಾಗದಲ್ಲಿ ಬೆಳಗಾಗ್ಬೇಕು ಕಣೆ. ನೀನೂ ಪಕ್ಕದಲ್ಲಿರ್ಬೇಕು."

ನನಗೆ ಈಜು ಬರುವುದಿಲ್ಲ. ತುಂಗೆಯ ಮೆಟ್ಟಿಲಲ್ಲಿ ಮೂರನೆಯದಕ್ಕೆ ಇಳಿದರೆ ಎದೆ ಹೊಡೆದುಕೊಳ್ಳುತ್ತದೆ. ಇವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಆರು ತಿಂಗಳ ಜಗಳದ ಮೇಲೆ, ಭದ್ರಾವತಿಯಲ್ಲಿ ಒಂದು ದೋಣಿ ಮಾರಾಟಕ್ಕಿದೆ ಎಂದು ಇವರಿಗೆ ಸುದ್ದಿ ಬಂದಾಗ, ಒಂದು ಒಪ್ಪಂದಕ್ಕೆ ಬಂದೆವು. ಬಲ್ಲವರೊಬ್ಬರು ದೋಣಿ ನೋಡಿ "ಸಮುದ್ರಕ್ಕೆ ಆಗುತ್ತದೆ" ಎಂದರೆ ನಾನು ತಕರಾರಿಲ್ಲದೆ ಹತ್ತಬೇಕು. "ಆಗುವುದಿಲ್ಲ" ಎಂದರೆ ಇವರು ಈ ಜನ್ಮದಲ್ಲಿ ದೋಣಿಯ ಮಾತೆತ್ತಬಾರದು. ಮಾತು ಕೊಟ್ಟದ್ದು ಇಬ್ಬರೂ. ಆದ್ದರಿಂದ ಆ ಬೆಳಿಗ್ಗೆ ನಾನು ಬಸ್ಸು ಹತ್ತಿದ್ದು "ಆಗುವುದಿಲ್ಲ" ಎಂಬ ಒಂದು ಮಾತು ಕೇಳಿಸಿಕೊಂಡು ಬರಲಿಕ್ಕೆ.

ಮೊದಲು ಮಾಚೇನಹಳ್ಳಿಯಲ್ಲಿ ಇಳಿದೆವು. ಬಲ್ಲವರು ಇದ್ದದ್ದು ಅಲ್ಲಿ. ನಾರಾಯಣ ಖಾರ್ವಿ, ಗಂಗೊಳ್ಳಿಯ ಕಡೆಯವರು. ಇಪ್ಪತ್ತು ವರ್ಷ ಫೈಬರ್ ದೋಣಿ ಕಟ್ಟಿದ ಕೈ ಈಗ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಫೈಬರ್ ನೀರಿನ ಟ್ಯಾಂಕು ಮಾಡುತ್ತದೆ. ಒಂಬತ್ತೂವರೆಗೆ ತಯಾರಿರುತ್ತೇನೆ ಎಂದಿದ್ದರು. ನಾವು ಹೋದಾಗ ಸ್ನಾನಕ್ಕೆ ಹೋಗಿದ್ದರು. ತಲೆ ಸಿಡಿಯುವ ಕೆಮಿಕಲ್ ವಾಸನೆಯಲ್ಲಿ, ಟ್ಯಾಂಕುಗಳ ನಡುವೆ ಸ್ಟೂಲು ಹಾಕಿಕೊಂಡು ಮುಕ್ಕಾಲು ಗಂಟೆ ಕೂತೆವು. ಇವರು ಮಾತ್ರ ಟ್ಯಾಂಕುಗಳನ್ನು ಬಡಿದು ಬಡಿದು ಸದ್ದು ಕೇಳುತ್ತಾ ಸಂತೋಷವಾಗಿದ್ದರು. ಖಾರ್ವಿಯವರು ಒದ್ದೆ ತಲೆಯಲ್ಲಿ ಬಂದು ಒಂದು ಪುಟ್ಟ ಮರದ ಸುತ್ತಿಗೆಯನ್ನು ಜೇಬಿಗೆ ಸೇರಿಸಿ, "ಹೋಗುವ ಟೀಚರೇ" ಎಂದರು. ತಡವಾದದ್ದಕ್ಕೆ ಒಂದು ಮಾತೂ ಇಲ್ಲ.

ಎರಡನೇ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಟಿಕೆಟ್ಟು ಹರಿಯುತ್ತಾ ಕಂಡಕ್ಟರ್ ಎಲ್ಲಿಗೆ ಎಂದ. ಭದ್ರಾವತಿ, ಓಲ್ಡ್ ಟೌನು ಎಂದು ಸುಮ್ಮನಾಗಬಹುದಿತ್ತು. ಇವರು "ಒಂದು ಕ್ಯಾಟಮರಾನ್ ನೋಡಕ್ಕೆ ಹೋಗ್ತಿದೀವಿ" ಎಂದು ಶುರು ಮಾಡಿದರು. ಎರಡು ದೋಣಿಗಳನ್ನು ಪಕ್ಕಪಕ್ಕದಲ್ಲಿಟ್ಟು, ನಡುವೆ ತೊಲೆ ಹಾಕಿ, ಮೇಲೆ ಒಂದು ಕೋಣೆ ಕೂರಿಸಿದರೆ ಅದೇ ಕ್ಯಾಟಮರಾನ್ ಎಂದು ವಿವರಿಸಿದರು. ಕಂಡಕ್ಟರ್ ಪೂರ್ತಿ ಕೇಳಿ, "ಹೊಳೆ ದಾಟಕ್ಕೆ ಬ್ರಿಡ್ಜ್ ಐತಲ್ಲ ಸಾರ್?" ಎಂದ. ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯ ಹೊರಗೆ ನೋಡಿದೆ.

ದೋಣಿಯ ಮಾಲೀಕರು ದೊರೆಸ್ವಾಮಿ. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಫೋರ್‌ಮನ್ ಆಗಿ ರಿಟೈರಾದವರು. ತಾತನ ಕಾಲದಲ್ಲಿ ತಮಿಳುನಾಡಿನಿಂದ ಬಂದ ಮನೆತನ. ದೋಣಿ ಎಲ್ಲಿದೆ ಎಂದರೆ, "ದೋಣಿ ಎಲ್ಲಿಗೂ ಓಡಲ್ಲ ಸಾರ್, ಮೊದ್ಲು ಎಲೆ ಮುಂದೆ ಕೂತ್ಕೊಳ್ಳಿ" ಎಂದರು. ಅವರ ಹೆಂಡತಿ ಸೆಲ್ವಮ್ಮ ಇಡ್ಲಿ, ವಡೆ, ಕೇಸರಿಬಾತು ಬಡಿಸಿದರು. ಬೇಡ ಎಂದವರಿಗೆ ಎರಡು ಸಲ ಬಡಿಸಿದರು. ಹೆಣ್ಣು ನೋಡಲು ಹೋದವರಿಗೆ ಆಗುವ ಸತ್ಕಾರವೆಲ್ಲ ನಮಗಾಯಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ತಿಂದ ಮನೆಯಲ್ಲಿ ಕೂತು ಹೆಣ್ಣು ಒಪ್ಪಿಗೆಯಿಲ್ಲ ಎಂದವರನ್ನು ನಮ್ಮ ಕಡೆ ನಾನು ಕಂಡಿಲ್ಲ.

ತಿನ್ನುವಾಗಲೇ ದೋಣಿಯ ಚರಿತ್ರೆಯೂ ಬಂತು. ಯಾರೋ ಬಿಳಿಯ ದಂಪತಿ ಅದರಲ್ಲಿ ಗೋವಾದವರೆಗೆ ಬಂದು, ಅಲ್ಲೇ ಮಾರಿ ವಿಮಾನ ಹತ್ತಿದರು. ಕೊಂಡವನು ಜಲಾಶಯದಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತೇನೆಂದು ಲಾರಿಯ ಮೇಲೆ ಇಲ್ಲಿಗೆ ತಂದ. ಪರ್ಮಿಷನ್ ಸಿಗಲಿಲ್ಲ. ಅವನು ಊರು ಬಿಡುವಾಗ ದೊರೆಸ್ವಾಮಿ ಅದನ್ನು ಕೊಂಡರು.

"ಗುಜರಿಗೆ ಹಾಕ್ತೀನಿ ಅಂದ ಅವ್ನು, ಅಮ್ಮ. ಅದ್ರಲ್ಲಿ ಒಂದು ಕೆಜಿ ಕಬ್ಬಿಣ ಇರ್ಲಿಲ್ಲ, ಗುಜರಿಯೋನು ಏನಂತ ತಗೋತಾನೆ?" ದೊರೆಸ್ವಾಮಿ ಎದೆ ಮುಟ್ಟಿಕೊಂಡರು. "ಆಮೇಲೆ ನಾನು ಹಾಕ್ದೆ."

ಏನು ಹಾಕಿದರು ಎಂಬುದು, ಮುಚ್ಚಿಹೋದ ಸಾಮಿಲ್ಲಿನ ಹಿಂದಿದ್ದ ಶೆಡ್ಡಿನ ಬಾಗಿಲು ತೆರೆದಾಗ ಕಂಡಿತು. ಮೂವತ್ತು ಅಡಿ ಉದ್ದದ ದೋಣಿ, ಮರದ ದಿಮ್ಮಿಗಳ ಮೇಲೆ ಕೂತಿದೆ. ಬಿಳಿ ಬಣ್ಣದ ಎರಡು ಸಪೂರ ಒಡಲು, ನಡುವೆ ಪುಟ್ಟ ಕೋಣೆ. ಚೆಂದವಾಗಿಯೇ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಆ ಚೆಂದದ ಸುತ್ತ, ಕೆಳಗೆ, ಅಡ್ಡಕ್ಕೆ, ಉದ್ದಕ್ಕೆ, ರೈಲ್ವೆ ಸೇತುವೆಗೆ ಹಾಕುವಂಥ ಉಕ್ಕಿನ ತೊಲೆಗಳು. ಹೆಬ್ಬೆರಳು ಗಾತ್ರದ ಬೋಲ್ಟುಗಳು. ಎಲ್ಲಕ್ಕೂ ರೆಡ್ ಆಕ್ಸೈಡ್ ಬಳಿದಿತ್ತು.

"ಲಾರಿಯಿಂದ ಇಳಿಸುವಾಗ ಅಲುಗಾಡ್ತಿತ್ತು. ಈ ಕಡೆ ಎತ್ತಿದ್ರೆ ಆ ಕಡೆ ಕಿರ್ರ್ ಅಂತಿತ್ತು. ಇಂಥದ್ರಲ್ಲಿ ಸಮುದ್ರಕ್ಕೆ ಹೋಗ್ತಾರಾ? ನಾಲ್ಕು ವರ್ಷ ಕೂತು ಗಟ್ಟಿ ಮಾಡ್ದೆ. ಈಗ ನೋಡಿ." ಎಪ್ಪತ್ತರ ಹತ್ತಿರದ ಮನುಷ್ಯ ತೊಲೆಯ ಮೇಲೆ ಹತ್ತಿ ಕುಣಿದರು. ಏನೂ ಅಲುಗಲಿಲ್ಲ. "ಒಂದು ಟನ್ನು ಮುನ್ನೂರು ಕೆಜಿ. ಎಲ್ಲಾ ನಮ್ಮೂರ ಸ್ಟೀಲು."

ಇವರು "ಅಬ್ಬಾ!" ಎಂದರು. ನನಗೆ ಮೈ ಉರಿಯಿತು. ನಲವತ್ತೆರಡು ಪ್ರಶ್ನೆ ಬರೆದುಕೊಂಡವರಿಗೆ, ಇಷ್ಟು ಭಾರ ಏರಿಸಿದರೆ ಏನಾಗುತ್ತದೆ ಎಂಬ ನಲವತ್ತಮೂರನೆಯದು ಹೊಳೆಯಲಿಲ್ಲ. ಆ ಪತ್ರಿಕೆಗಳನ್ನು ನಾನೂ ಓದಿದ್ದೇನೆ, ಇವರನ್ನು ಸೋಲಿಸಲಿಕ್ಕೆಂದೇ ಓದಿದ್ದೇನೆ. ಸಣ್ಣ ಕ್ಯಾಟಮರಾನಿನ ಪ್ರಾಣವೇ ಹಗುರ. ಸಪೂರ ಒಡಲು ಭಾರ ಹೊರುವುದಿಲ್ಲ, ಮುಳುಗುತ್ತದೆ. ಬಿಳಿಯರು ನೀರು ಬರುವ ಮಟ್ಟಕ್ಕೆ ಎಳೆದಿದ್ದ ನೀಲಿ ಗೆರೆ ಇನ್ನೂ ಇತ್ತು. ಟೇಪು ಕಿತ್ತುಕೊಂಡು ನಾನೇ ಅಳೆದೆ. ಒಡಲುಗಳ ಉದ್ದ ಅಗಲ ಗುಣಿಸಿದರೆ, ಏರಿಸುವ ಪ್ರತಿ ನೂರು ಕೆಜಿಗೆ ದೋಣಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಇಳಿಯುತ್ತದೆ. ಇದು ನಾನು ವರ್ಷಾ ವರ್ಷ ಹತ್ತನೇ ಕ್ಲಾಸಿಗೆ ಕಲಿಸುವ ಲೆಕ್ಕ. ಉಕ್ಕಿಗೇ ಹದಿಮೂರು ಸೆಂಟಿಮೀಟರ್ ಹೋಯಿತು. ನೀರು, ಅಕ್ಕಿ, ಡೀಸೆಲ್ಲು, ಲಂಗರು, ನಾವಿಬ್ಬರು ಎಂದರೆ ಇನ್ನೂ ಹತ್ತು. ನಡುವಿನ ಕೋಣೆಯ ತಳ ನೀರಿಗೆ ಅಷ್ಟು ಹತ್ತಿರವಾದರೆ ಪ್ರತಿ ಅಲೆಯೂ ಹೊಟ್ಟೆಗೆ ಗುದ್ದುತ್ತದೆ.

ಅಷ್ಟರಲ್ಲಿ ಇವರು ಹದಿನೇಳನೇ ಪ್ರಶ್ನೆಗೆ ಬಂದಿದ್ದರು. "ತಳದ ಕಿಂಡಿ ಎಲ್ಲಿ?"

"ಅದಾ? ಮುಚ್ಚಿಬಿಟ್ಟೆ ಸಾರ್. ದೋಣಿ ತಳಕ್ಕೆ ಯಾರಾದ್ರೂ ಬಾಗ್ಲಿಡ್ತಾರಾ? ಎಂಟು ಎಂಎಂ ಪ್ಲೇಟು, ಹದಿನಾರು ಬೋಲ್ಟು!"

ಕ್ಯಾಟಮರಾನ್ ಬುಡಮೇಲಾದರೆ ತಾನಾಗಿ ಮತ್ತೆ ನೆಟ್ಟಗಾಗುವುದಿಲ್ಲ. ಮಗುಚಿಕೊಂಡೇ ತೇಲುತ್ತದೆ. ಒಳಗಿದ್ದವರು ಹೊರಬರಲು ಇರುವುದು ಅದೊಂದೇ ಕಿಂಡಿ. ಆ ಪ್ಲೇಟಿನ ಮೇಲೆ ನನ್ನ ಅಂಗೈ ಇಟ್ಟೆ. ಬೋಲ್ಟುಗಳನ್ನು ಎಣಿಸಿದೆ. ಹದಿನಾರೇ.

ಖಾರ್ವಿಯವರು ಒಂದು ಗಂಟೆ ಮರದ ಸುತ್ತಿಗೆಯಿಂದ ಒಡಲನ್ನು ಮೊಳ ಮೊಳಕ್ಕೂ ಬಡಿಯುತ್ತಾ ಹೋದರು. ಒಳಗೆ ನೀರು ಕುಡಿದು ಕೊಳೆತಿದ್ದರೆ ಸದ್ದು ಮಂಕಾಗುತ್ತದೆ. ಇಲ್ಲಿ ಟಣ್ ಟಣ್ ಎಂದೇ ಬಂತು. ಚುಕ್ಕಾಣಿ ಅಲ್ಲಾಡಿಸಿದರು, ಹಾಯಿಮರದ ಬುಡ ಕೆರೆದರು. ಕೊನೆಗೆ ನನ್ನ ಪಕ್ಕ ಬಂದು ಪಿಸುಗುಟ್ಟಿದರು: "ಕಾಣಿ ಟೀಚರೇ, ಮಾಲು ಒಳ್ಳೇದುಂಟು. ಹಳೇ ತೊಲೆಯೂ ಒಳಗೆ ಹಾಗೇ ಉಂಟು. ಈ ಕಬ್ಬಿಣ ಬಿಚ್ಚಿ, ಕಿಂಡಿ ಬಿಡಿಸಿ, ಬೋಲ್ಟಿನ ತೂತು ಮುಚ್ಚಿದ್ರೆ ಲಕ್ಷದ್ವೀಪಕ್ಕೆ ಧಾರಾಳ ಹೋಗ್ಲಕ್ಕು. ಆದ್ರೆ ಅವರ ಮನೇಲಿ ತಿಂದು ಎಂತ ಹೇಳುದು? ನೀವೇ ಹೇಳಿ."

ಆಮೇಲೆ ದೊರೆಸ್ವಾಮಿಯತ್ತ ತಿರುಗಿ, "ಲಾಯ್ಕುಂಟು. ಹೋಗಿ ತಿಳಿಸ್ತೇವೆ" ಎಂದು ಬಾಗಿಲ ಕಡೆ ನಡೆದರು. ಇಂಥ ಬಲ್ಲವರನ್ನು ಕಟ್ಟಿಕೊಂಡು ಬಂದಿದ್ದೆವು.

"ಹಾಗಾದ್ರೆ ಆಗತ್ತೆ ಅಂತಾಯ್ತಲ್ಲ?" ಇವರ ಮುಖ ಅರಳಿತ್ತು.

"ಆಗಲ್ಲ" ಎಂದೆ. ಭಾರದ ಲೆಕ್ಕ ಹೇಳಿದೆ, ಕಿಂಡಿಯ ವಿಷಯ ಹೇಳಿದೆ. "ಈ ಉಕ್ಕು ಹೊತ್ಕೊಂಡು ಇದು ಸಮುದ್ರಕ್ಕೆ ಇಳಿದ್ರೆ ನಾವಿಬ್ರೂ ವಾಪಸ್ ಬರಲ್ಲ. ಖಾರ್ವಿಯವ್ರನ್ನ ಕೇಳಿ, ನಾನು ಹೇಳಿದ್ದು ಸುಳ್ಳಾ?" ಖಾರ್ವಿಯವರು ಇಲ್ಲವೆಂದು ತಲೆಯಾಡಿಸಿದರು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಉಕ್ಕು ಬಿಚ್ಚಿದರೆ ಏನಾಗುತ್ತದೆ ಎಂಬ ಮಿಕ್ಕರ್ಧವನ್ನು ನುಂಗಿಕೊಂಡೆ. ಯಾಕೆ ಎಂದರೆ ಭಯ. ಬೇರೆ ಯಾವ ದೊಡ್ಡ ಕಾರಣವೂ ಇಲ್ಲ.

ದೊರೆಸ್ವಾಮಿ ಒಂದು ಬೋಲ್ಟನ್ನು ಹೆಬ್ಬೆರಳಿನಿಂದ ಉಜ್ಜಿದರು. "ಹಾಗಾದ್ರೆ ನಾನೇ ಕೆಡಿಸ್ದೆನಾ ಅಮ್ಮ?" ಎಂದರು. ನಾನು ಟೇಪು ಸುತ್ತಿ ಚೀಲಕ್ಕೆ ಹಾಕಿದೆ. ಸೆಲ್ವಮ್ಮ ಕುಂಕುಮ ಕೊಟ್ಟು, ಕೇಸರಿಬಾತಿನ ಡಬ್ಬಿಯನ್ನೂ ಕೈಗಿತ್ತು ಕಳಿಸಿದರು.

ಮೂರು ಗಂಟೆಯ ಬಿಸಿಲು. ವಾಪಸ್ ಬಸ್ಸಿನಲ್ಲಿ ಮೂವರಿಗೂ ಜಾಗ ಸಿಕ್ಕಿತು. ಮಾಚೇನಹಳ್ಳಿಯಲ್ಲಿ ಇಳಿಯುವಾಗ ಖಾರ್ವಿಯವರು ನನ್ನ ಕಿವಿಯ ಹತ್ತಿರ ಬಗ್ಗಿ, "ನಾನೂ ಹೇಳ್ಲಿಲ್ಲ, ನೀವೂ ಹೇಳ್ಲಿಲ್ಲ" ಎಂದಷ್ಟೇ ಹೇಳಿ ಹೋದರು. ದೊಡ್ಡ ಮನುಷ್ಯ! ಆಡಬೇಕಾದ ಜಾಗದಲ್ಲಿ ಬಾಯಿ ಕಟ್ಟಿತ್ತು, ಇಳಿಯುವ ಜಾಗದಲ್ಲಿ ಬಾಯಿ ಬಂತು.

ಬಸ್ಸು ಹೊರಟಿತು. ಇವರು ಜಗಳವಾಡಲಿ ಎಂದು ಕಾದೆ. ಮುಖ ಊದಿಸಿಕೊಂಡರೂ ಸಾಕಿತ್ತು. ಇವರು ಕಿಟಕಿಯಿಂದ ತಿರುಗಿ, "ನೀನ್ ಹೇಳಿದ್ದೇ ಸರಿ ಮಾರಾಯ್ತಿ. ನನ್ನ ಹುಚ್ಚಿಗೆ ನಿನ್ನನ್ನ ನೀರಿಗೆ ತಳ್ತಿದ್ದೆ. ಮಾತು ಕೊಟ್ಟಿದೀನಿ, ಇನ್ನು ಎತ್ತಲ್ಲ" ಎಂದರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನಾನು ಹೇಳಿದ್ದು ಸರಿ ಎಂದು ಇವರು ಒಪ್ಪಿದ್ದು ಅದೇ ಮೊದಲು. ಅದೂ ನಾನು ಅರ್ಧ ಮುಚ್ಚಿಟ್ಟ ಹೊತ್ತಿನಲ್ಲಿ. ಎಂಥ ಸಿಟ್ಟು ಬಂತು. ಗೆದ್ದ ಸುಖವನ್ನು ಎರಡು ಮೈಲಿ ಕೂಡ ಅನುಭವಿಸಲು ಬಿಡಲಿಲ್ಲವಲ್ಲ ಈ ಮನುಷ್ಯ!

"ಉಕ್ಕು ಬಿಚ್ಚಿದ್ರೆ ಆಗತ್ತಂತೆ" ಎಂದೆ.

"ಏನು?"

"ದೋಣಿ ಒಳ್ಳೇದಂತೆ. ಉಕ್ಕು ಬಿಚ್ಚಿ, ಕಿಂಡಿ ಬಿಡಿಸಿದ್ರೆ ಲಕ್ಷದ್ವೀಪಕ್ಕೆ ಹೋಗುತ್ತಂತೆ. ಖಾರ್ವಿ ಹೇಳಿದ್ರು. ನನ್ನ ಲೆಕ್ಕದಲ್ಲೂ ಹಾಗೇ ಬರುತ್ತೆ. ನನಗೆ ಹೆದರಿಕೆಯಾಯ್ತು, ಹೇಳ್ಲಿಲ್ಲ."

ಇವರು ನನ್ನನ್ನೇ ನೋಡಿದರು. ಆಮೇಲೆ ಎದ್ದು ನಿಂತು "ಹೋಲ್ಡಾನ್!" ಎಂದು ಕೂಗಿದರು. ಇಲ್ಲಿ ಸ್ಟಾಪಿಲ್ಲ ಎಂದು ಕಂಡಕ್ಟರ್ ಗೊಣಗಿದ. ಇಳಿಸಿದ. ಸುತ್ತ ಒಂದು ಮನೆಯಿಲ್ಲ, ಮರದ ನೆರಳಿಲ್ಲ. ಇವರು ಆಗಲೇ ರಸ್ತೆ ದಾಟಿ ಭದ್ರಾವತಿಯ ಕಡೆ ಮುಖ ಮಾಡಿ ನಿಂತಿದ್ದರು.

"ಈಗಲೇ ಹೋಗಿ ದೋಣಿ ಕೊಳ್ಬೇಕಾ? ನಾಳೆಗೆ ಓಡಿಹೋಗುತ್ತಾ?" ಈಚೆಯಿಂದಲೇ ಕಿರುಚಿದೆ.

"ಕೊಳ್ಳೋದು ಇರ್ಲಿ, ನೀನ್ ಬರ್ದಿದ್ರೆ ಬೇಡ. ಆ ಮುದುಕಂಗೆ ಹೇಳ್ಬೇಡ್ವಾ? ನಾಲ್ಕು ವರ್ಷ ಕೂತು ಒಂದು ಒಳ್ಳೇ ದೋಣಿನ ಕೊಂದುಬಿಟ್ಟೆ ಅಂತ ಅಂದ್ಕೊಂಡು ಕೂತಿರ್ತಾನೆ, ಪಾಪ. ಬದುಕಿದೆ ಅಂತ ಹೇಳಿ ಬರೋಣ."

ನನಗೆ ಆ ಮುದುಕರ ನೆನಪೇ ಆಗಿರಲಿಲ್ಲ. ಅಂಥ ಮನುಷ್ಯನ ಪಕ್ಕದಲ್ಲಿ ನೆಲ ಕಾಣದ ಕಡೆ ಬೆಳಗಾದರೆ ಅಷ್ಟೇನೂ ಕೆಟ್ಟದಾಗಲಾರದು ಎಂದು ಆ ರಸ್ತೆ ಬದಿಯಲ್ಲಿ ಮೊದಲ ಸಲ ಅನ್ನಿಸಿತು. ಹೆದರಿಕೆ ಮಾತ್ರ ಒಂದು ಸೆಂಟಿಮೀಟರೂ ಇಳಿದಿರಲಿಲ್ಲ. ಕೇಸರಿಬಾತಿನ ಡಬ್ಬಿ ಹಿಡಿದು ರಸ್ತೆ ದಾಟಿದೆ. ಭದ್ರಾವತಿಯ ಬಸ್ಸು ಬಂತು. ಇವರು ನೋಟುಬುಕ್ಕು ಹುಡುಕುತ್ತಾ ಚೀಲದಲ್ಲಿ ತಲೆ ತೂರಿಸಿದ್ದರು.

ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿದವಳು ನಾನೇ.