ದೀಪ ಬಿಚ್ಚದ ಬೈಕು

ಕಳೆದ ತಿಂಗಳು ಔಷಧದ ಪೆಟ್ಟಿಗೆ ಶುಚಿ ಮಾಡುವಾಗ ಗಾಯಕ್ಕೆ ಅಂಟಿಸುವ ಹಳೆಯ ಪ್ಲಾಸ್ಟರಿನ ಸುರುಳಿಯೊಂದು ಸಿಕ್ಕಿತು. ತಗಡಿನ ಡಬ್ಬಿ, ಮುಚ್ಚಳಕ್ಕೆ ತುಕ್ಕು. ತೆರೆದರೆ ಅದೇ ರಬ್ಬರಿನ ವಾಸನೆ. ನರ್ಸ್ ಕೆಲಸದಿಂದ ನಿವೃತ್ತಳಾಗಿ ಇಷ್ಟು ವರ್ಷವಾದರೂ ಆ ವಾಸನೆಗೆ ನನಗೆ ನೆನಪಾಗುವುದು ರೋಗಿಗಳಲ್ಲ, ಒಂದು ಬೈಕು. ಬೈಕಿನ ಬೆನ್ನಿಗೇ ಅದರ ಯಜಮಾನರು... ಆಮೇಲೆ ಆ ದಿನ ಬೇರೆ ಕೆಲಸ ಸಾಗಲಿಲ್ಲ.

ಎಂಬತ್ತರ ದಶಕದ ಆರಂಭ. ನಾನಾಗ ಬೆಳ್ಮಣ್ಣಿನ ಹತ್ತಿರದ ಆರೋಗ್ಯ ಉಪಕೇಂದ್ರದಲ್ಲಿದ್ದೆ. ಪಕ್ಕದ ಮನೆ ಪೊರ್ಬುಗಳದ್ದು. ಅದು ಹೆಸರಲ್ಲ, ನಮ್ಮ ಕಡೆ ಕೊಂಕಣಿ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಹೆಂಗಸರಾದರೆ ಬಾಯಿ. ಪೊರ್ಬುಗಳಿಗೆ ಬಹರೈನಿನಲ್ಲಿ ವೆಲ್ಡಿಂಗ್ ಕೆಲಸ. ಆ ಸಲ ರಜೆಯಲ್ಲಿ ಬಂದವರು ಮನೆಗೆ ತಾರಸಿ ಹಾಕಿಸುವುದು ಬಿಟ್ಟು ಬೈಕು ಕೊಂಡರು. ಮಣಿಪಾಲದಲ್ಲಿ ಓದುತ್ತಿದ್ದ ಪರದೇಶದ ಹುಡುಗನೊಬ್ಬ ಊರಿಗೆ ಮರಳುವಾಗ ಮಾರಿದ್ದಂತೆ. ಅವರ ಹೆಂಡತಿ ಬಾಯಿ ಎರಡು ದಿನ ಗಂಡನೊಡನೆ ಮಾತು ಬಿಟ್ಟಿದ್ದರು.

ವಿಚಿತ್ರ ಬೈಕು ಅದು. ಕುದುರೆಯಷ್ಟು ಎತ್ತರ, ಟಯರಿನ ತುಂಬ ಹಲ್ಲಿನಂಥ ಗುಬುಟುಗಳು. ಆದರೆ ದೀಪ, ಹಾರ್ನ್, ಕನ್ನಡಿ, ನಂಬರ್ ಪ್ಲೇಟು ಎಲ್ಲವೂ ಇತ್ತು. ಬೆಳಿಗ್ಗೆ ಅದರಲ್ಲೇ ಕಾಪುವಿಗೆ ಹೋಗಿ ಮೀನು ತರುತ್ತಿದ್ದರು, ಸಂಜೆ ಅದರಲ್ಲೇ ಕಲ್ಲುಗುಡ್ಡ ಹತ್ತುತ್ತಿದ್ದರು. ಒಮ್ಮೆ ತುರ್ತು ಹೆರಿಗೆಗೆಂದು ನನ್ನನ್ನೂ ಹಿಂದೆ ಕೂರಿಸಿಕೊಂಡು ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ಓಡಿಸಿದ್ದರು. ಇಳಿದಾಗ ಹೆರುವವಳಿಗಿಂತ ನಾನೇ ಹೆಚ್ಚು ನಡುಗುತ್ತಿದ್ದೆ.

ಆ ವರ್ಷ ಕೊಯ್ಲಾದ ಗದ್ದೆಯಲ್ಲಿ ಬೈಕ್ ರೇಸ್ ಮಾಡುವುದೆಂದು ಊರಿನ ಯುವಕರು ನಿಶ್ಚಯಿಸಿದರು. ಮಣಿಪಾಲದ ಕಂಟ್ರಾಕ್ಟರರೊಬ್ಬರ ಮಗ ತನ್ನ ಬೈಕನ್ನು ವ್ಯಾನಿನಲ್ಲಿ ಹೇರಿಕೊಂಡು ಮೊದಲೇ ಬಂದು ಗದ್ದೆ ನೋಡಿ ಹೋದ. ಅವನದ್ದು ಬರೀ ಓಟದ್ದು. ದೀಪವಿಲ್ಲ, ಹಾರ್ನ್ ಇಲ್ಲ, ನಂಬರಿಲ್ಲ, ಹಾಗಾಗಿ ರಸ್ತೆಗೆ ಇಳಿಸುವಂತಿಲ್ಲ. ಉಡುಪಿಯ ಹುಡುಗರದ್ದು ಸಾಮಾನ್ಯ ಬೈಕುಗಳೇ, ಕಳಚಲು ಬಂದದ್ದನ್ನೆಲ್ಲ ಕಳಚಿ ಎಲುಬು ಮಾತ್ರ ಉಳಿಸಿದ್ದರು. ಪೇಟೆಯ ಹೋಟೆಲಿನಲ್ಲಿ ವಾರವಿಡೀ ಇದೇ ಚರ್ಚೆ, ಯಾವುದು ಹೆಚ್ಚು ಎಂದು. ದೀಪ, ಕನ್ನಡಿಯ ಅಲಂಕಾರವಿದ್ದ ಪೊರ್ಬುಗಳ ಬೈಕಿಗೆ 'ಮದುವೆ ದಿಬ್ಬಣದ್ದು' ಎಂಬ ಹೆಸರೂ ಬಿತ್ತು.

"ಹೊತ್ತು ತರಲಿಕ್ಕೆ ಬೇರೆ ಗಾಡಿ ಬೇಕಾದರೆ ಅದೆಂತ ಗಾಡಿ ಮಾರಾಯ?" ಎಂದರಂತೆ ಪೊರ್ಬುಗಳು. "ಅದು ಕಂಬಳದ ಕೋಣ. ಸಾಕಬೇಕು, ಓಡಿಸಬೇಕು, ಅಷ್ಟೆ. ನನ್ನದು ಹೂಡುವ ಕೋಣ. ಹೂಡುವುದೂ ಓಡುತ್ತದೆ, ನೋಡಿ ಬೇಕಾದರೆ."

ಹೀಗೆ ಹೇಳಿ ರೇಸಿಗೆ ತಮ್ಮ ಹೆಸರು ಕೊಟ್ಟುಬಂದರು. ಗಂಡಸರ ಮಾತಿನ ಚಪಲ ಕೈಕಾಲಿಗೆ ಬರುವುದು ಹೀಗೆಯೇ.

ಅಂದು ಸಂಜೆ ಬಾಯಿ ನಮ್ಮ ಜಗಲಿಗೆ ಬಂದರು. ಹೊಸ ವೀಸಾ ಬಂದಿತ್ತು. ರೇಸ್ ಮುಗಿದ ವಾರಕ್ಕೆ ಬೊಂಬಾಯಿಯಲ್ಲಿ ದೇಹಪರೀಕ್ಷೆ, ಅದರಲ್ಲಿ ಪಾಸಾದರೆ ವಿಮಾನ. "ಎಲುಬಿಗೆ ಏನಾದರೂ ಆದರೆ ವೀಸಾ ಹೋಯಿತು ನರ್ಸಮ್ಮ. ವೆಲ್ಡರಿಗೆ ಕೈಯೇ ಅಲ್ವಾ ಎಲ್ಲ? ನನ್ನ ಮಾತು ಕೇಳುವುದಿಲ್ಲ. ನೀವು ಹೇಳಿ." ಹೇಳಿದೆ. ಪೊರ್ಬುಗಳು ನಕ್ಕು, "ನೀವೇ ಅಲ್ಲಿ ಇರ್ತೀರಲ್ಲ, ಮತ್ತೆಂತ ಹೆದರಿಕೆ?" ಎಂದರು. ಹೌದು, ಪ್ರಥಮ ಚಿಕಿತ್ಸೆಗೆ ಕೂರಲು ಯುವಕರು ನನ್ನನ್ನೇ ಒಪ್ಪಿಸಿದ್ದರು.

ಗದ್ದೆಯ ಒಡತಿ ವಯಸ್ಸಾದ ಹೆಂಗಸು, ಖಡಾಖಂಡಿತ ಸ್ವಭಾವ. ರೇಸಿನ ದಿನ ಬೆಳಿಗ್ಗೆ ಸಾಲಾಗಿ ನಿಂತ ಬೈಕುಗಳನ್ನು ಒಂದೊಂದಾಗಿ ನೋಡುತ್ತ ಬಂದು ಪೊರ್ಬುಗಳ ಮುಂದೆ ನಿಂತರು.

"ಇದರಲ್ಲಿ ಗಾಜು ಉಂಟು. ಬಿಚ್ಚಿ. ಮಳೆಗಾಲಕ್ಕೆ ನಾಟಿಯ ಹೆಂಗಸರು ಬರಿಗಾಲಲ್ಲಿ ಇಳಿಯುವ ಗದ್ದೆ ಇದು. ಕೆಸರಿನೊಳಗಿನ ಗಾಜು ಕಣ್ಣಿಗೆ ಕಾಣುತ್ತದಾ?"

ಪೊರ್ಬುಗಳು ಕನ್ನಡಿ ಬಿಚ್ಚಿದರು. ದೀಪಕ್ಕೆ ಮಾತ್ರ ಕೈ ಹಾಕಲಿಲ್ಲ. "ದೀಪವೂ ಬಿಚ್ಚಿದರೆ ಇದೂ ಅವುಗಳ ಹಾಗೆಯೇ ಆಯ್ತಲ್ಲ ಅಮ್ಮ. ಮತ್ತೆ ಹೋಲಿಸುವುದು ಎಂತದ್ದನ್ನು? ನನ್ನ ಗಾಜಿಗೆ ನಾನು ಜವಾಬ್ದಾರಿ." ನನ್ನ ಪೆಟ್ಟಿಗೆಯಿಂದ ಪ್ಲಾಸ್ಟರ್ ಕೇಳಿ ತೆಗೆದುಕೊಂಡು ದೀಪದ ಗಾಜಿಗೆ ಅಡ್ಡಡ್ಡ ಉದ್ದುದ್ದ ಸುತ್ತಿದರು. ಒಡತಿ ಅರೆಮನಸ್ಸಿನಿಂದ ತಲೆಯಾಡಿಸಿದರು.

ರೇಸ್ ಶುರುವಾಯಿತು. ಒಣಗಿದ ಗದ್ದೆಯಿಂದ ಧೂಳು ಎದ್ದು ಬೈಕು ಯಾವುದು, ಜನ ಯಾರು ಎಂದು ತಿಳಿಯುತ್ತಿರಲಿಲ್ಲ. ಕಂಟ್ರಾಕ್ಟರರ ಮಗನ ಬೈಕು ಹುಣಿಯಿಂದ ಹುಣಿಗೆ ಹಾರುತ್ತಿತ್ತು, ಅದರ ಸರಿಸಾಟಿ ಅಲ್ಲಿ ಯಾವುದೂ ಇರಲಿಲ್ಲ. ಉಡುಪಿಯ ಎಲುಬುಗೂಡುಗಳಲ್ಲಿ ಕೆಲವು ಒಂದೊಂದಾಗಿ ಕೆಟ್ಟು ನಿಂತವು. ಪೊರ್ಬುಗಳು ಮೆಲ್ಲಗೆ ಶುರು ಮಾಡಿದವರು ಸುತ್ತು ಕಳೆದ ಹಾಗೆ ಮೂರನೆಯವರಾದರು, ಎರಡನೆಯವರಾದರು. ಜನ ದಿಬ್ಬಣದ ಮಾತು ಮರೆತು ಅವರಿಗೇ ಶಿಳ್ಳೆ ಹೊಡೆಯತೊಡಗಿದರು. ನಾನು ಮಾತ್ರ ಅವರ ಕೈಗಳನ್ನೇ ನೋಡುತ್ತಿದ್ದೆ.

ಓಟ ಮುಗಿಯಲು ಇನ್ನು ಒಂದೆರಡು ಸುತ್ತು ಉಳಿದಿತ್ತು. ಮೂಲೆಯ ತಿರುವಿನಲ್ಲಿ ಮುಂದಿನ ಚಕ್ರ ಜಾರಿತು. ಬೈಕು ಅಡ್ಡ ಬಿದ್ದು ದೀಪ ಹುಣಿಯ ಕಲ್ಲಿಗೆ ಬಡಿಯಿತು. ಪೊರ್ಬುಗಳು ಎದ್ದರು. ಕೈ ಕೊಡವಿದರು, ಕಾಲು ಕೊಡವಿದರು. ಏನೂ ಆಗಿರಲಿಲ್ಲ. ಎಂಜಿನ್ ಇನ್ನೂ ಓಡುತ್ತಿತ್ತು. ನಾನು ದೇವರಿಗೆ ಕೈ ಮುಗಿದೆ.

ಹತ್ತಿ ಹೋಗಬೇಕಿತ್ತು ಅವರು. ಅಥವಾ ಬದಿಗೆ ಬರಬೇಕಿತ್ತು. ಎರಡೂ ಮಾಡಲಿಲ್ಲ. ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು ಅಂಗಾತ ಇಟ್ಟು, ಓಟದ ದಾರಿಯ ನಡುವೆ ಕುಕ್ಕರುಗಾಲಲ್ಲಿ ಕೂತು ಏನನ್ನೋ ಹೆಕ್ಕಿ ಅದಕ್ಕೆ ಹಾಕತೊಡಗಿದರು. ಅರ್ಧ ಗಾಜು ಪ್ಲಾಸ್ಟರಿಗೆ ಅಂಟಿ ಉಳಿದಿತ್ತು, ಉಳಿದರ್ಧ ಚೆಲ್ಲಿತ್ತು. ಓಡುವ ಬೈಕುಗಳು ಒಮ್ಮೆ ತುಳಿದರೆ ಚೂರು ಮಣ್ಣಿನೊಳಗೆ ಹೂತುಹೋಗುತ್ತವೆ, ಮತ್ತೆ ಸಿಗುವುದಿಲ್ಲ. ಅದು ಅವರಿಗೆ ಗೊತ್ತಿತ್ತು. ನನಗೆ ಆಮೇಲೆ ಹೊಳೆಯಿತು.

"ಪೊರ್ಬುಗಳೇ, ಈಚೆ ಬನ್ನಿ" ಎಂದು ಕಿರುಚಿದೆ. ಬಾವುಟದವನೂ ಕಿರುಚಿದ. ಒಂದು ಬೈಕು ಅವರ ಬಲಗಡೆಯಿಂದ ಹೋಯಿತು. ಇನ್ನೊಂದು ಎಡಗಡೆಯಿಂದ. ಅವರು ತಲೆ ಎತ್ತಲಿಲ್ಲ. ನಾನು ಪೆಟ್ಟಿಗೆ ಹಿಡಿದು ಓಡಿದೆ. ಅಷ್ಟರಲ್ಲಿ ಮುಂದಿದ್ದ ಕಂಟ್ರಾಕ್ಟರರ ಮಗ ಇನ್ನೊಂದು ಸುತ್ತು ಹಾಕಿ ಧೂಳಿನೊಳಗಿಂದ ಬಂದ. ಪಾಪ, ಅವನಿಗೆ ಕಾಣುವಂತೆಯೇ ಇರಲಿಲ್ಲ. ಕಂಡದ್ದೇ ತಿರುಗಿಸಿದ, ಆದರೂ ಬೈಕಿನ ಕಾಲಿಡುವ ಕಬ್ಬಿಣ ಪೊರ್ಬುಗಳ ಎಡಗೈಗೆ ಬಡಿಯಿತು. ಆ ಶಬ್ದ ನನಗೆ ಕೇಳಿಸಿತು... ನರ್ಸಾದವಳಿಗೆ ಬೇರೆ ಏನೂ ನೋಡಬೇಕಾಗಿರಲಿಲ್ಲ.

ಅಡಿಕೆ ಹಾಳೆ ಸೀಳಿ ಕೈಗೆ ಕಟ್ಟಿದೆ. ನನ್ನ ಕಣ್ಣಲ್ಲಿ ನೀರು, ನಾಲಿಗೆಯಲ್ಲಿ ಬೈಗುಳ. "ಬುದ್ಧಿ ಉಂಟಾ ನಿಮಗೆ? ಬಾಯಿಗೆ ಎಂತ ಹೇಳಲಿ ನಾನು?"

"ಕಲ್ಲಿನ ಬುಡದಲ್ಲಿ ಇನ್ನೊಂದು ದೊಡ್ಡ ತುಂಡು ಉಂಟು ನರ್ಸಮ್ಮ" ಎಂದರು.

ಓಟದ ಬೈಕನ್ನು ತಂದ ಅದೇ ವ್ಯಾನಿನಲ್ಲಿ ಅವರನ್ನು ಮಣಿಪಾಲದ ಆಸ್ಪತ್ರೆಗೆ ಒಯ್ದೆವು. ಮುಂಗೈಯ ಎರಡೂ ಎಲುಬು ಮುರಿದಿದ್ದವು. ಬೊಂಬಾಯಿಯ ದಿನ ಬಂತು, ಹೋಯಿತು. ವೀಸಾ ಇನ್ನೊಬ್ಬರ ಪಾಲಾಯಿತು. ಎಲುಬು ಕೂಡಿದರೂ ಅಂಗೈ ಮೇಲಕ್ಕೆ ಹೊರಳಲಿಲ್ಲ. ಎರಡು ಕೈ ಸೇರಿಸಿ ಬೊಗಸೆ ಮಾಡಲು ಅವರಿಗೆ ಕೊನೆಯವರೆಗೂ ಆಗಲಿಲ್ಲ. ಬೈಕು ಮಾರಿದರು. ಕಾರ್ಕಳದ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟರು, ಹೇಗೋ ನಡೆಯಿತು.

ಆ ಮಳೆಗಾಲದಲ್ಲಿ ಆ ಗದ್ದೆಯ ನಾಟಿ ಶುರುವಾದಾಗಿನಿಂದ ನಾನು ಉಪಕೇಂದ್ರದ ಬಾಗಿಲು ಕಾಯುತ್ತಿದ್ದೆ. ಯಾರಾದರೂ ಹೆಂಗಸು ಕಾಲು ಕೊಯ್ದುಕೊಂಡು ಬಂದರೆ ಪೊರ್ಬುಗಳ ಕೈ ಹೋದದ್ದೂ ದಂಡ. ಜ್ವರದವರು ಬಂದರು, ಕೆಸರುಹುಣ್ಣಿನವರು ಬಂದರು, ಬಸುರಿಯರು ಬಂದರು. ಗಾಜು ಹೊಕ್ಕ ಕಾಲು ಒಂದೂ ಬರಲಿಲ್ಲ. ಗಾಯವಾಗದ ಕಾಲನ್ನು ತೋರಿಸಲು ಯಾರು ತಾನೇ ಬರುತ್ತಾರೆ? ಪೊರ್ಬುಗಳಿಗೆ ಹೋಗಿ ಹೇಳಿದೆ. ಸೈಕಲಿಗೆ ಗಾಳಿ ಹಾಕುತ್ತಿದ್ದವರು, "ಹೌದಾ, ಒಳ್ಳೆಯದಾಯಿತು" ಎಂದು ಮತ್ತೆ ಪಂಪು ಒತ್ತಿದರು.

ಪೊರ್ಬುಗಳು ತೀರಿಕೊಂಡು ಈಗ ಎರಡು ವರ್ಷ. ಬಾಯಿ ಇದ್ದಾರೆ. ಸಂಜೆ ಹೊತ್ತು ಇಬ್ಬರೂ ಒಟ್ಟಿಗೆ ಕೂರುತ್ತೇವೆ. ಮಾತಿನ ನಡುವೆ ಅವರು ಇವತ್ತಿಗೂ ಅದೇ ಹೇಳುತ್ತಾರೆ: "ಊರವರ ಕಾಲಿಗೆ ನನ್ನ ಮನೆಯ ಕೈ ಕೊಟ್ಟು ಬಂದರು ನೋಡಿ." ನಾನು ಎದುರು ಹೇಳುವುದಿಲ್ಲ. ಅವರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ನನಗೂ ಪೊರ್ಬುಗಳ ಮೇಲೆ ಇನ್ನೂ ಸಿಟ್ಟಿದೆ. ಅದನ್ನು ತೀರಿಸಿಕೊಳ್ಳಲು ಅವರೇ ಇಲ್ಲ.