ಪುಟದ ಕೆಳಗಿನ ಎರಡು ಸಾಲು

ಮೂರು ವರ್ಷದ ಹಿಂದೆ ನಾನು ಹುಣಸೂರಿನ ಆಡಿಟರ್ ಒಬ್ಬರ ಕಚೇರಿಯಲ್ಲಿ ಸಹಾಯಕಿಯಾಗಿದ್ದೆ. ಎಂ.ಕಾಂ. ಮುಗಿಸಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ತಾಲೂಕು ಪಂಚಾಯಿತಿಯೊಂದರ ಮಾಜಿ ಅಧ್ಯಕ್ಷರು ನಮ್ಮಲ್ಲಿಗೆ ಬಂದರು. ಅವರ ಕಾಲದಲ್ಲಿ ಖಜಾನೆ ಬರಿದಾಯಿತೆಂದು ವಿರೋಧಿಗಳು ಹೇಳುತ್ತಿದ್ದರು. ತಮ್ಮ ಅವಧಿ ಕೊರತೆಯಿಲ್ಲದೆ ನಡೆದಿದೆ ಎಂದು ತೋರಿಸುವ ಕಿರುಪುಸ್ತಕವೊಂದು ಅವರಿಗೆ ಬೇಕಿತ್ತು.

ದಾಖಲೆಗಳು ಅವರ ಪರವಾಗಿಯೇ ಇದ್ದವು. ಸರ್ಕಾರಿ ಲೆಕ್ಕದಲ್ಲಿ ಮಾರ್ಚ್ 31ರೊಳಗೆ ಪಾವತಿಯಾದದ್ದು ಮಾತ್ರ ಖರ್ಚು. ಕೊಡದೆ ಉಳಿಸಿದ್ದು ಕೊರತೆಗೆ ಸೇರುವುದಿಲ್ಲ. ಆದರೆ ಪಂಚಾಯಿತಿ ಕಚೇರಿಯ ಬೀರುವಿನಲ್ಲಿ ಒಂದು ಕಟ್ಟು ಸಿಕ್ಕಿತು. ಹಾಸ್ಟೆಲ್ ಅಡುಗೆಯವರ ಒಂಬತ್ತು ತಿಂಗಳ ಸಂಬಳದ ಬಿಲ್ಲುಗಳು. ಪ್ರತಿಯೊಂದಕ್ಕೂ ‘ಮುಂದಿನ ವರ್ಷ ಮಂಡಿಸಿ’ ಎಂಬ ಚೀಟಿ. ಮುಂದಿನ ವರ್ಷ ಯಾರೂ ಮಂಡಿಸಿರಲಿಲ್ಲ.

ವಿಚಾರಿಸಲು ಎಚ್.ಡಿ. ಕೋಟೆಯ ಕಾಡಂಚಿನ ಆದಿವಾಸಿ ಹಾಡಿಗೆ ಹೋದೆ. ಅಡುಗೆಯ ಗೌರಮ್ಮ ಸಿಕ್ಕಿದರು.

“ಸಂಬಳ ಅತ್ಲಾಗಿರ್ಲಿ ಬುಡಿ ಮೇಡಮ್ಮೋರೇ. ಬಿಲ್ ಆಗಿಲ್ಲ, ಅದ್ಕೇ ಒಂಬತ್ತು ತಿಂಗ್ಳು ನೀನು ಕೆಲ್ಸದಲ್ಲೇ ಇರ್ನಿಲ್ಲ ಅಂತಾವ್ರೆ. ಅಂಗಾದ್ರೆ ಐವತ್ತು ಐಕ್ಳು ಗಾಳಿ ಉಂಡ್ವಾ?”

ಹತ್ತು ವರ್ಷ ಸತತ ಸೇವೆಯಾದವರ ಪಟ್ಟಿ ತಯಾರಾಗುತ್ತಿತ್ತು. ಅದರಲ್ಲಿ ಹೆಸರಿಲ್ಲದವರನ್ನು ಕೆಲಸದಿಂದ ಬಿಡಿಸುತ್ತಿದ್ದರು. ಅಧ್ಯಕ್ಷರಾಗಿದ್ದವರೇ ಸಂಬಳದ ಬಾಕಿಯನ್ನು ಅಚ್ಚಿನಲ್ಲಿ ಒಪ್ಪಿಕೊಂಡರೆ, ಆ ತಿಂಗಳುಗಳಲ್ಲಿ ಅವರು ದುಡಿದದ್ದನ್ನು ಕಚೇರಿ ನಂಬಬಹುದು ಎನಿಸಿತು. “ಪುಸ್ತಕದಲ್ಲಿ ಬರೆಯುತ್ತೇನೆ” ಎಂದೆ.

ಹಾಗೆಯೇ ಒಂದು ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ಎರಡು ಸಾಲು ಬರೆದೆ. ಮಾಜಿ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು.

“ಇದೇನ್ರೀ, ಇರುವೆ ಸಾಲಿನಂಗೆ?”

“ಕೊಡದ ಸಂಬಳ ಸರ್.”

“ಕೊಟ್ಟೇ ಇಲ್ಲ ಅಂದ್ಮೇಲೆ ಅದು ಖರ್ಚು ಎಂಗಾದದು? ನೀವೇ ಓದ್ದೋರು, ನೀವೇ ಯೋಳಿ.”

ನಿಯಮದ ಪ್ರಕಾರ ಅವರ ಮಾತು ಸರಿಯಿತ್ತು. ನಾನು ಸಾಲುಗಳನ್ನು ಅಳಿಸಿದೆ.

ಪುಸ್ತಕ ಹಂಚಿದ ವಾರವೇ ಗೌರಮ್ಮ ಎರಡು ಬಸ್ಸು ಬದಲಿಸಿ ನಮ್ಮ ಕಚೇರಿಗೆ ಬಂದರು. ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು.

“ನಂದು ಯಾವ ಪುಟ್ದಲ್ಲದೆ? ಪೆನ್ನಲ್ಲಿ ಒಂದು ಗೆರೆ ಎಳ್ಕೊಡಿ. ಪಟ್ಟಿಗೆ ನಾಳೀಕೇ ಕೊನೆ ದಿನ.”

ಇಲ್ಲವೆಂದು ಗೊತ್ತಿದ್ದರೂ ಹದಿನಾರು ಪುಟಗಳನ್ನೂ ತಿರುವಿದೆ. ಆಮೇಲೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಪುಸ್ತಕವನ್ನು ಮತ್ತೆ ಕವರಿಗೆ ಸೇರಿಸಿದರು.

ಮರುದಿನ ಇಬ್ಬರೂ ತಾಲೂಕು ಪಂಚಾಯಿತಿ ಕಚೇರಿಗೆ ಹೋದೆವು. ಬೀರು ಖಾಲಿಯಿತ್ತು, ಹಳೆಯ ಕಾಗದ ವಿಲೇವಾರಿಯಾಗಿತ್ತು. ಬಿಲ್ಲುಗಳ ಒಂದು ಜೆರಾಕ್ಸ್ ಕೂಡ ನಾನು ತೆಗೆದಿಟ್ಟಿರಲಿಲ್ಲ. ಕಂಡದ್ದನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿಕೊಟ್ಟೆ. ಗುಮಾಸ್ತರು ಓದಿ ವಾಪಸು ಕೊಟ್ಟರು: “ಇದ್ಕೆ ಸಹಿ ಆಕಕ್ಕೆ ನೀವ್ಯಾರಮ್ಮ?”

ಗೌರಮ್ಮನ ಹೆಸರು ಪಟ್ಟಿಗೆ ಬರಲಿಲ್ಲ.

ಈಗ ಯಾರಾದರೂ ಕೊರತೆಯಿಲ್ಲದ ಲೆಕ್ಕ ತಂದರೆ, ಮೊದಲು ಬಾಕಿ ಬಿಲ್ಲುಗಳನ್ನು ಕೇಳಿ ಪ್ರತಿ ಮಾಡಿಸಿಡುತ್ತೇನೆ. ಅಂದು ನಾನು ಬರೆದ ಪುಸ್ತಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ.