ಧೂಳು ಎಂದು ಬರೆದೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೂತಲ್ಲಿ ಕೂರುವ ಜಾಯಮಾನವೂ ನನ್ನದಲ್ಲ. ಅದಕ್ಕೇ ಏನೋ ಈ ಕೆಲಸ ಒಗ್ಗಿತು. ಬಾಬುರಾಯನಕೊಪ್ಪಲಿನ ಮನೆಯಿಂದ ಬೆಳಿಗ್ಗೆ ಬೈಕು ಹತ್ತಿದೆನೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ಸುತ್ತುತ್ತಲೇ ಇರುತ್ತೇನೆ. ಎಲ್ಲಿ ಕಂಪ್ಯೂಟರಿನ ದೊಡ್ಡ ಡಿಸ್ಕ್ ಪೆಟ್ಟಿಗೆಗಳಿವೆಯೋ ಅಲ್ಲಿ ಹೋಗಿ ಸಡಿಲವಾದ ಕೇಬಲ್ಲು, ಸರಿಯಾಗಿ ಕೂರದ ಡಿಸ್ಕು, ಬಾಗಿದ ಪಿನ್ನು ಹುಡುಕುವುದು ನನ್ನ ಕಸುಬು. ಜನ ವೈರಸ್ಸು ಅಂತಾರೆ, ಸಾಫ್ಟ್‌ವೇರ್ ಕೆಟ್ಟಿದೆ ಅಂತಾರೆ. ಹೋಗಿ ನೋಡಿದರೆ ಯಾವುದೋ ಕೇಬಲ್ಲು ತನ್ನ ತೂತಿನಿಂದ ಒಂದು ಕೂದಲೆಳೆಯಷ್ಟು ಈಚೆ ಬಂದಿರುತ್ತದೆ, ಅಷ್ಟೆ.

ಪಾಂಡವಪುರದ ಹೊರಗೆ ಹಳೆಯ ಅಕ್ಕಿ ಗಿರಣಿಯೊಂದರ ಮಹಡಿಯ ಮೇಲೆ ಒಂದು ಚಿಕ್ಕ ಡೇಟಾ ಸೆಂಟರ್ ಇದೆ. ಸುತ್ತಲಿನ ತಾಲ್ಲೂಕುಗಳ ಸ್ಕ್ಯಾನಿಂಗ್ ಸೆಂಟರ್‌ಗಳು ತೆಗೆಯುವ ಚಿತ್ರಗಳೆಲ್ಲ ಅಲ್ಲಿಗೆ ಬಂದು ಸೇರುತ್ತವೆ. ಹೋದ ವರ್ಷ ದಸರಾ ಮುಗಿದು ಎರಡು ವಾರಕ್ಕೆ ಅಲ್ಲಿನ ಮ್ಯಾನೇಜರು ಫೋನ್ ಮಾಡಿದರು. ಹೊಸ ಡಿಸ್ಕ್ ಪೆಟ್ಟಿಗೆ ಇದ್ದಕ್ಕಿದ್ದಂತೆ ಕಂಪ್ಯೂಟರಿನ ಪರದೆಯಿಂದ ಮಾಯವಾಗುತ್ತದೆ, ಐದು ನಿಮಿಷ ಬಿಟ್ಟು ತಾನೇ ಬರುತ್ತದೆ, ನಾಗಮಂಗಲದ ಡಾಕ್ಟರು ಚಿತ್ರ ತೆರೆಯುತ್ತಿಲ್ಲವೆಂದು ಬೈಯುತ್ತಿದ್ದಾರೆ, ಈಗಲೇ ಬನ್ನಿ ಎಂದರು.

ಹೋದೆ. ಮೆಟ್ಟಿಲು ಹತ್ತುವಷ್ಟರಲ್ಲೇ ತೀರ್ಪು ಆಗಿಹೋಗಿತ್ತು.

"ಇನ್ನೇನ್ ನೋಡ್ತೀರಿ ಸಾರ್, ಈವಮ್ಮಂದೇ ಕೆಲ್ಸ. ನೆಲ ಒರೆಸ್ವಾಗ ಕೋಲಲ್ಲಿ ಕೇಬಲ್ ಎಳ್ದಾಕವ್ಳೆ. ನೀವು ಅದೊಂದು ಬರ್ಕೊಟ್ಬುಡಿ, ನಾಳಿಂದ ಬೇರೆಯೋರ ಕರ್ಸ್ತೀನಿ," ಎಂದರು ಮ್ಯಾನೇಜರು.

ಈವಮ್ಮ ಎಂದದ್ದು ಅಲ್ಲಿ ಕಸ ಗುಡಿಸಿ ನೆಲ ಒರೆಸುವ ಹೆಂಗಸನ್ನು. ಐವತ್ತರ ಆಸುಪಾಸು. ಮೇಲುಕೋಟೆ ಬೆಟ್ಟದ ಕೆಳಗಿನ ಒಂದು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬಾಗಿಲ ಬಳಿ ಒರೆಸುವ ಕೋಲು ಹಿಡಿದು ನಿಂತಿದ್ದರು. ನನ್ನ ಮುಖ ನೋಡಿ, "ನಾ ಪೆಟ್ಗೆ ಇಂದ್ಗಡೀಕೆ ಓಗೇ ಇಲ್ಲ ಕಣಪ್ಪ. ಅಲ್ಲಿ ದಾರ ಕಟ್ಟವ್ರೆ, ದಾರದ ಆಚೀಗೆ ನಾನು ಕಾಲಿಕ್ಕಾಕಿಲ್ಲ," ಎಂದರು. ಅಷ್ಟೇ ಹೇಳಿದ್ದು, ಅಳಲಿಲ್ಲ, ಕೈಮುಗಿಯಲಿಲ್ಲ.

ನನಗೆ ರೇಗಿತು. ನೋಡುವುದಕ್ಕೆ ಮೊದಲೇ ಹೀಗೇ ಬರೆ ಎಂದು ಹೇಳಿದರೆ ನನ್ನನ್ನು ಯಾಕೆ ಕರೆಯಬೇಕು? "ಸುಮ್ಮನಿರಿ ಸಾರ್, ನಾನು ನೋಡಿ ಹೇಳ್ತೀನಿ," ಎಂದು ಮ್ಯಾನೇಜರನ್ನು ಗದರಿಸಿಯೇ ಒಳಗೆ ಹೋದೆ. ಆ ಹೆಂಗಸಿನ ಅನ್ನ ನನ್ನ ಕೈಯಲ್ಲಿದೆ ಎಂಬುದು ಗೊತ್ತಿತ್ತು. ಅದು ನನಗೆ ಹೆಮ್ಮೆಯಾಗಿಯೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಈ ಕೆಲಸಕ್ಕೆ ಒಂದು ಕ್ರಮವಿದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಈ ತೂತಿನ ಕೇಬಲ್ಲನ್ನು ಆ ತೂತಿಗೆ ಹಾಕಿ ಕಾಯಬೇಕು. ತೊಂದರೆ ಕೇಬಲ್ಲಿನ ಜೊತೆಗೇ ಹೋದರೆ ಕೇಬಲ್ಲು ಕಳ್ಳ, ಅಲ್ಲೇ ಉಳಿದರೆ ಪೆಟ್ಟಿಗೆ ಕಳ್ಳ. ಆದರೆ ಕಾಯುವುದೇ ನನ್ನ ಕೈಲಾಗದ ಕೆಲಸ. ಆ ಕೋಣೆಯ ಎ.ಸಿ. ಚಳಿಯಲ್ಲಿ ಮೈ ಪರಚಿಕೊಳ್ಳುವಂತಾಗಿ ಎದ್ದು ಕೂತು, ಕೂತು ಎದ್ದು, ಪೆಟ್ಟಿಗೆಯ ಹಸಿರು ದೀಪವನ್ನೇ ದಿಟ್ಟಿಸುತ್ತಿದ್ದೆ. ಡಿಸ್ಕುಗಳನ್ನು ಒಂದೊಂದಾಗಿ ತೆಗೆದು ಕೂರಿಸಿದೆ. ಕರೆಂಟಿನ ವೈರು ಬದಲಿಸಿದೆ. ದೀಪ ಆರುವುದು ಬಿಡಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಫೈಬರ್ ಕೇಬಲ್ಲನ್ನು ಪಕ್ಕದ ತೂತಿಗೆ ಹಾಕಿದೆ. ತೊಂದರೆಯೂ ಅದರ ಹಿಂದೆಯೇ ಹೋಯಿತು.

ಫೈಬರ್ ಎಂದರೆ ಗಾಜಿನ ಎಳೆ, ಅದರೊಳಗೆ ಬೆಳಕು ಓಡಾಡುತ್ತದೆ. ತುದಿಯ ಮೇಲೆ ಕಣ್ಣಿಗೆ ಕಾಣದಷ್ಟು ಕೊಳೆ ಕೂತರೂ ಬೆಳಕಿಗೆ ದಾರಿಯಿಲ್ಲ. ಯಾರಾದರೂ ಕೋಲಿನಿಂದ ಎಳೆದಿದ್ದರೆ ಕೊಂಡಿ ಮುರಿದಿರಬೇಕಿತ್ತು, ಎಳೆ ಮಡಚಿಕೊಂಡಿರಬೇಕಿತ್ತು. ಎರಡೂ ಆಗಿರಲಿಲ್ಲ. ಕೇಬಲ್ಲು ಬಿಚ್ಚಿ ತುದಿಯನ್ನು ಪುಟ್ಟ ಸೂಕ್ಷ್ಮದರ್ಶಕಕ್ಕೆ ಹಿಡಿದೆ. ಕಪ್ಪು ಬಿಳುಪಿನ ಪರದೆಯ ಮೇಲೆ ನಾಲ್ಕೈದು ಕಾಳು ಕಂಡವು. ಬಿಳಿ ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಬಟ್ಟೆಯ ಮೇಲೆ ಕೆಂಪು ಗೆರೆ ಮೂಡಿತು.

ಕುಂಕುಮ.

ಆಯುಧಪೂಜೆಯ ದಿನ ಆ ಹೊಸ ಪೆಟ್ಟಿಗೆ ಜೋಡಿಸಿದವನು ನಾನೇ. ಪೂಜೆಯಾಗದೆ ಹೊಸ ಪೆಟ್ಟಿಗೆಗೆ ಕರೆಂಟು ಕೊಡಕೂಡದು, ಇಂಜಿನಿಯರ ಕೈಯಲ್ಲೇ ಪೂಜೆ ಆಗಬೇಕು ಎಂದು ಮ್ಯಾನೇಜರು ಪಟ್ಟು ಹಿಡಿದಿದ್ದರು. ಹೊಗೆಯ ಅಲಾರಂ ಹೊಡೆದುಕೊಳ್ಳುತ್ತದೆಂದು ಊದುಬತ್ತಿ ಇಲ್ಲ, ಕರ್ಪೂರ ಇಲ್ಲ. ಆ ಕೊರತೆಗೆ ಗಂಧ ಕುಂಕುಮ ದುಪ್ಪಟ್ಟು. ಚೆಂಡುಹೂವಿನ ಹಾರ ಹಾಕಿ, ಪೆಟ್ಟಿಗೆಯ ಹಣೆಗೆ, ಪಕ್ಕಕ್ಕೆ, ಬೆನ್ನಿಗೆ ಬೊಟ್ಟಿಟ್ಟೆ. ರಾಹುಕಾಲ ಬರುವುದರೊಳಗೆ ದೀಪ ಹತ್ತಬೇಕೆಂದು ಅವಸರ ಮಾಡಿದರು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೇಬಲ್ಲಿನ ಟೋಪಿ ಬಿಚ್ಚಿ ತೂತಿಗೆ ಒತ್ತಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ತುದಿ ಮುಟ್ಟಬೇಡ, ಒರೆಸದೆ ಹಾಕಬೇಡ ಎಂದು ಬಾಯಿ ನೋಯುವಷ್ಟು ಹೇಳುವವನು ನಾನು.

ತಲೆ ಎತ್ತಿದರೆ ಆ ಹೆಂಗಸು ದಾರದ ಹೊರಗೆ ನಿಂತು ಬಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ಮ್ಯಾನೇಜರು ಟೀ ಕುಡಿಯಲು ಕೆಳಗೆ ಹೋಗಿದ್ದರು. ನಾನು ಬಟ್ಟೆ ಮಡಚಿ ಜೇಬಿಗಿಟ್ಟೆ. ಆಕೆ ಬಕೆಟ್ಟು ಎತ್ತಿಕೊಂಡು ಆಚೆ ನಡೆದರು.

ತುದಿ ಒರೆಸಿ ಹಾಕಿದ ಮೇಲೆ ಒಂದು ಗಂಟೆ ಕಾದೆ. ದೀಪ ಆರಲಿಲ್ಲ. ವರದಿ ಬರೆಯಬೇಕು. ನಿಜ ಬರೆದರೆ ನಮ್ಮ ಕಂಪನಿಯಲ್ಲಿ ನನ್ನ ಮರ್ಯಾದೆ ಹೋಗುತ್ತದೆ, ಪೂಜೆ ಮಾಡಿಸಿದ ಮ್ಯಾನೇಜರಿಗೂ ಇರುಸುಮುರುಸು. ಆಕೆಯ ಹೆಸರಂತೂ ಬರೆಯುವುದಿಲ್ಲ. ಯೋಚಿಸಿ, "ಕೇಬಲ್ ತುದಿಯಲ್ಲಿ ಧೂಳು ಇತ್ತು, ಸ್ವಚ್ಛ ಮಾಡಲಾಗಿದೆ, ಯಾರೂ ಕೇಬಲ್ ಎಳೆದಿಲ್ಲ" ಎಂದು ಬರೆದು ಸಹಿ ಹಾಕಿದೆ. ಯಾರಿಗೂ ನೋವಾಗದ ಹಾಗೆ ಮುಗಿಸಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹೋಗುವಾಗ ಆಕೆಗೆ, "ಹೆದರಬೇಡಿ ಅಕ್ಕ, ನಿಮ್ಮದೇನೂ ಇಲ್ಲ ಅಂತ ಬರೆದಿದ್ದೀನಿ," ಎಂದೂ ಹೇಳಿದೆ. ಆಕೆ "ಊಂ" ಎಂದರು.

ಹತ್ತು ದಿನ ಬಿಟ್ಟು ಬೇರೆ ಕೆಲಸಕ್ಕೆ ಹೋದರೆ ನೆಲ ಒರೆಸುತ್ತಿದ್ದವರು ಬೇರೆ ಹೆಂಗಸು.

"ಆ ಅಕ್ಕ ಎಲ್ಲಿ?" ಎಂದೆ.

"ಬುಡಿಸ್ದೊ ಸಾರ್," ಎಂದರು ಮ್ಯಾನೇಜರು. "ಧೂಳು ಅಂತ ನೀವೇ ಬರ್ದಿದ್ರಲ್ಲ. ಧೂಳು ಒರೆಸೋದು ಯಾರ್ ಕೆಲ್ಸ? ಮೇಲಿನೋರು ಕೇಳುದ್ರು, ಏನ್ ಏಳ್ಲಿ?"

"ಅದು ಆ ಧೂಳಲ್ಲ ಸಾರ್," ಎಂದೆ.

"ಧೂಳಲ್ಲಿ ಆ ಧೂಳು ಈ ಧೂಳು ಅಂತ ಇದ್ದದಾ?" ಎಂದು ಅವರು ಫೋನು ಎತ್ತಿಕೊಂಡರು. ಆಗಲಾದರೂ ಹೇಳಬಹುದಿತ್ತು. ಚೀಲ ಎತ್ತಿಕೊಂಡು ಮೆಟ್ಟಿಲು ಇಳಿದೆ.

ಮುಂದಿನ ಮೂರು ದಿನ ನಾನು ಯಾರಿಗೂ ಬೇಡದ ಮನುಷ್ಯನಾಗಿದ್ದೆ. ಕೆ.ಆರ್. ಪೇಟೆಯಲ್ಲಿ ಸರಿಯಿದ್ದ ಡಿಸ್ಕು ತೆಗೆದು ಕೆಟ್ಟದ್ದನ್ನು ಅಲ್ಲೇ ಬಿಟ್ಟು ಬಂದೆ, ಮತ್ತೆ ಹೋದೆ. ಶ್ರೀರಂಗಪಟ್ಟಣದಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೆ ಯಾರೊಂದಿಗೋ ಜಗಳ ತೆಗೆದೆ. ಮನೆಯಲ್ಲಿ ಉಪ್ಪು ಜಾಸ್ತಿಯಾಯಿತೆಂದು ತಟ್ಟೆ ಸರಿಸಿದೆ. "ಏನಾಗದೆ ನಿಮ್ಗೆ? ಕುಂತ್ರೆ ನಿಂತ್ರೆ ಉರ್ದು ಬೀಳ್ತೀರಲ್ಲ," ಎಂದಳು ಹೆಂಡತಿ. ಎಲ್ಲ ಹೇಳಿದೆ. ಅವಳು ಪಾತ್ರೆ ಎತ್ತುತ್ತಾ, "ಓಗಿ ಏಳ್ಬುಟ್ ಬನ್ನಿ ಮತ್ತೆ," ಎಂದಳು, ಅಷ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಮೇಲುಕೋಟೆ ದಾರಿ ಹಿಡಿದೆ. ಆ ಹಳ್ಳಿಯ ಡೈರಿಯ ಹತ್ತಿರ ಕೇಳಿ ಮನೆ ಹುಡುಕಿದೆ. ಆಕೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಆಶ್ಚರ್ಯಪಡಲಿಲ್ಲ. "ಬನ್ನಿ, ಕುಂತ್ಕಳಿ," ಎಂದು ಚಾಪೆ ಸರಿಸಿದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಉದುರಿಹೋಗಿ, "ಅಕ್ಕ, ಅದು ಧೂಳಲ್ಲ. ನನ್ನ ಕೈಯ ಕುಂಕುಮ. ನಂದೇ ತಪ್ಪು," ಎಂದು ಒಂದೇ ಉಸಿರಿಗೆ ಹೇಳಿದೆ.

"ಅದ ನಂಗ್ಯಾಕಪ್ಪ ಏಳ್ತೀರಿ?" ಎಂದರು ಆಕೆ ಕಾಯಿ ಸುಲಿಯುತ್ತಲೇ. "ನಂಗೆ ಅವತ್ತೇ ಗೊತ್ತಾಯ್ತು. ಬಟ್ಟೆ ಮಡ್ಚಿ ಜೋಬ್ಗೆ ಇಕ್ಕಂಡ್ರಲ್ಲ, ಓ ಇವ್ರು ಆಮೇಕೆ ಏಳ್ತಾರೆ ಅಂದ್ಕಂಡು ಸುಮ್ಕಾದೆ. ಕೆಲ್ಸ ಓದ್ರೆ ಓಗ್ಲಿ, ಬ್ಯಾರೆ ನೋಡ್ಕತೀನಿ. ಕೈ ಸುದ್ದ ಇಲ್ಲ ಅಂತ ಏಳಿ ಕಳಿಸುದ್ರು ನೋಡಿ, ಅದು ಉರೀತದೆ."

ನಾಚಿಕೆಯಿಂದ ಕುಗ್ಗಿಹೋದೆ. ಅಲ್ಲೇ ಫೋನು ತೆಗೆದು, ಆಕೆಗೂ ಕೇಳುವಂತೆ ಸ್ಪೀಕರಿಗೆ ಹಾಕಿ, ಮ್ಯಾನೇಜರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ವರದಿಯನ್ನು ತಿದ್ದಿ ಇವತ್ತೇ ಕಳಿಸುತ್ತೇನೆ, ಆಕೆಯನ್ನು ಮತ್ತೆ ಕರೆಸಿಕೊಳ್ಳಿ ಎಂದೆ. ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ.

ಆ ಕಡೆಯಿಂದ ಗೊಳ್ಳನೆ ನಗು ಕೇಳಿತು. "ಅಯ್ಯೋ, ಕುಂಕುಮನಾ! ಒಳ್ಳೆ ಚೆನ್ನಾಗದೆ ಬುಡಿ. ದೇವ್ರ ಕೆಲ್ಸ ಮಾಡಕ್ಕೋಗಿ ಆಗದೆ, ಅದ್ಕೆಲ್ಲ ಯಾಕ್ ತಲೆ ಕೆಡಿಸ್ಕತೀರಿ ಸಾರ್? ನಿಮ್ಮಂತೋರ್ಗೆ ಆಗದೇ ಇರ್ತದಾ? ಆವಮ್ಮನ ಜಾಗಕ್ಕೆ ಆಳು ತಗಂಡಾಯ್ತು, ಖಾಲಿಯಾದ್ರೆ ನೋಡನ," ಎಂದು ಫೋನು ಇಟ್ಟೇಬಿಟ್ಟರು.

ಆಕೆಯ ಕೈ ನಿಂತಿತ್ತು. ಸಿಪ್ಪೆಯನ್ನೆಲ್ಲ ಸೆರಗಿನಿಂದ ಕೆಳಕ್ಕೆ ಕೊಡವಿ, ನನ್ನ ಫೋನನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು.

"ನಿಮ್ಗಾದ್ರೆ ನಗ್ತಾರೆ."